ತುಮಕೂರು: ಸಮುದಾಯ ಭವನದ ಹಾಲ್‌ನಲ್ಲಿ ಮೂರು ಕಡೆ ಪ್ರೇಕ್ಷಕರನ್ನು ಕೂರಿಸಿ ನಾಟಕ ಮಾಡುವುದು ಹೇಗೆ?

ಕಲ್ಪತರು_ರಂಗ

ಎಲ್ಲರಿಗೂ ನಮಸ್ಕಾರ. ಒಂದು ಗಂಟೆಯ ಹೊಸ ನಾಟಕ ತಾಲೀಮಿನಲ್ಲಿದೆ. ಐದು ಜನ ನಟರು, ಒಂದು ಸಣ್ಣಕಥೆಯನ್ನು ರಂಗಕ್ಕೆ ಅಳವಡಿಸಿಕೊಂಡಿದ್ದೇವೆ. ಹೆಂಗಸೊಬ್ಬಳು ಸೇರಿನಲ್ಲಿ ರಾಗಿ ಅಳೆದು ಅಳೆದು ಸುರಿಯುವ ದೃಶ್ಯ ಇಡೀ ನಾಟಕದ ಜೀವ. ಆ ಸದ್ದು ಕೊನೆಯ ಸಾಲಿಗೂ ಕೇಳಬೇಕು. ಅದಕ್ಕೇ ಗುಬ್ಬಿ ವೀರಣ್ಣ ಕಲಾಕ್ಷೇತ್ರದಂಥ ದೊಡ್ಡ ವೇದಿಕೆ ಬೇಡ ಎಂದು ಒಂದು ಸಮುದಾಯ ಭವನದ ಹಾಲ್ ನೋಡಿದ್ದೇವೆ. 42 ಅಡಿ ಉದ್ದ, 28 ಅಡಿ ಅಗಲ, 13 ಅಡಿ ಎತ್ತರದ ಆರ್‌ಸಿಸಿ ಚಾವಣಿ, ಟೈಲ್ಸ್ ನೆಲ. ಬಾಗಿಲು ಒಂದು ಗಿಡ್ಡ (28 ಅಡಿ ಕಡೆಯ) ಗೋಡೆಯಲ್ಲಿದೆ, ಅದರ ಎದುರು ಗೋಡೆಗೆ ಭಾಷಣದ ಕಟ್ಟೆ. ಎರಡು 16 ಆಂಪ್ಸ್ ಕರೆಂಟ್ ಪಾಯಿಂಟ್ ಇವೆ. ಚಪ್ಪಾಳೆ ತಟ್ಟಿದರೆ ಹಾಲ್ ಗುಂಯ್ ಅನ್ನುತ್ತದೆ. 75 ಜನರನ್ನು ಮೂರು ಕಡೆ ಕೂರಿಸಬೇಕು. ಆಮೇಲೆ ಬೆಂಗಳೂರಿಗೂ ಒಯ್ಯುವ ಆಸೆ ಇದೆ. ಕೂರಿಸುವ ಕ್ರಮ, ಬೆಳಕು, ಧ್ವನಿ ಮೂರಕ್ಕೂ ಸಲಹೆ ಬೇಕು.

ನೇಪಥ್ಯ

ಮೊದಲು ಆ ಕಟ್ಟೆಯನ್ನು ಮರೆತುಬಿಡಿ. ಅದರ ಮುಂದೆ ಆಡಿದರೆ ಅಕ್ಕಪಕ್ಕ ಮೂರು ಸಾಲು ಹಿಡಿಯುವುದೇ ಇಲ್ಲ. ಉದ್ದದ ಗೋಡೆಯನ್ನು ಬೆನ್ನಿಗೆ ಇಟ್ಟುಕೊಳ್ಳಿ. ಆಟದ ಜಾಗ 16 ಅಡಿ ಅಗಲ, 14 ಅಡಿ ಆಳ ಎಂದು ನೆಲಕ್ಕೆ ಟೇಪ್ ಹಾಕಿ. ಮೂರು ಸಾಲಿಗೆ ಬೇಕಾಗುವುದು ಎಂಟೂವರೆ ಅಡಿ: ಚಾಪೆಗೆ ಎರಡೂವರೆ, ಬೆಂಚಿಗೆ ಮೂರು, ಹಲಗೆಯ ಮೇಲಿನ ಕುರ್ಚಿಗೆ ಮೂರು. ಹಾಗೆ ಹಾಕಿದರೆ ಎರಡೂ ಪಕ್ಕ ನಾಲ್ಕೂವರೆ ಅಡಿ ಓಡಾಟಕ್ಕೆ, ಹಿಂದುಗಡೆ ಐದೂವರೆ ಅಡಿ ಪರದೆಗೆ ಮತ್ತು ನಟರ ದಾರಿಗೆ ಉಳಿಯುತ್ತದೆ. ಬಾಗಿಲು ಗಿಡ್ಡ ಗೋಡೆಯಲ್ಲಿರುವುದು ಒಳ್ಳೆಯದೇ ಆಯಿತು, ತಡವಾಗಿ ಬಂದವರು ಆಟದ ಜಾಗ ದಾಟಬೇಕಾಗಿಲ್ಲ.

ಒಬ್ಬರಿಗೆ 20 ಇಂಚು ಲೆಕ್ಕ ಹಾಕಿದರೆ ಮುಂದಿನ ಬದಿಗೆ 9 ಜನ, ಪಕ್ಕಗಳಿಗೆ ಎಂಟೆಂಟು. ಸಾಲಿಗೆ 25, ಮೂರು ಸಾಲಿಗೆ ನಿಮ್ಮ 75 ಸರಿಹೋಯಿತು. ಮುಂದಿನ ಎರಡು ಮೂಲೆಗಳಲ್ಲಿ ಯಾರನ್ನೂ ಕೂರಿಸಬೇಡಿ, ನಟರ ಪ್ರವೇಶಕ್ಕೆ ಅವು ಬೇಕು. ಚಾಪೆಯಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 30 ಇಂಚು ಮೇಲಿರುತ್ತದೆ, ಬೆಂಚಿನವರದು 45. ಮೂರನೇ ಸಾಲನ್ನು ಒಂದು ಅಡಿ ಎತ್ತರಿಸಿದರೆ 57 ಆಗುತ್ತದೆ. ಮುಂದಿನವರ ತಲೆ ಮೇಲಿಂದ ನೋಡಲು ಅಷ್ಟು ಸಾಕು.

ಆ ಎತ್ತರದ ಸಾಲಿಗೆ 18 ಎಂಎಂ ಪ್ಲೈವುಡ್ ಬಳಸಿ. 12 ಎಂಎಂ ಬಾಗುತ್ತದೆ, ಯಾರಾದರೂ ಕಾಲು ಅಲ್ಲಾಡಿಸಿದರೆ ತಮಟೆ ಬಡಿದ ಹಾಗೆ ಕೇಳುತ್ತದೆ. ಹಿಂದಿನ ಅಂಚಿಗೆ ಎರಡು ಇಂಚಿನ ಮರದ ರೀಪರ್ ಪಟ್ಟಿ ಹೊಡೆಯಲೇಬೇಕು. ಪ್ಲಾಸ್ಟಿಕ್ ಕುರ್ಚಿಯ ಹಿಂಗಾಲು ಜಾರಿ ಬೀಳುವುದು ಅಲ್ಲಿಂದಲೇ.

ಬೆಳಕಿನ_ಮನೆ

ಕರೆಂಟಿನಿಂದ ಶುರು ಮಾಡೋಣ. ಹಳೆಯ 1000 ವ್ಯಾಟ್ ಪಾರ್ ದೀಪ (ವೇದಿಕೆಗೆ ಬಳಸುವ ಡಬ್ಬಿಯಾಕಾರದ ಫೋಕಸ್ ದೀಪ) 12 ಹಾಕಿದರೆ 12 ಕಿಲೋವ್ಯಾಟ್, ಅಂದರೆ 52 ಆಂಪ್ಸ್. ಆ ಹಾಲ್‌ನ ವೈರಿಂಗ್ ತಡೆಯುವುದಿಲ್ಲ. 200 ವ್ಯಾಟ್‌ನ ವಾರ್ಮ್ ವೈಟ್ ಎಲ್‌ಇಡಿ 12 ತಂದರೆ ಒಟ್ಟು 2.4 ಕಿಲೋವ್ಯಾಟ್, ಹತ್ತೂವರೆ ಆಂಪ್ಸ್. ಒಂದೇ ಪಾಯಿಂಟ್ ಸಾಕಾಗುತ್ತದೆ. ಆದರೂ ಎರಡು ಪಾಯಿಂಟ್ ಒಂದೇ ಎಂಸಿಬಿಯಿಂದ (ಲೋಡ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್) ಬಂದಿವೆಯಾ ಎಂದು ಬೋರ್ಡ್ ತೆಗೆಸಿ ನೋಡಿ. ಎಷ್ಟೋ ಕಡೆ ಹಾಗೇ ಇರುತ್ತದೆ, ಅದೇ ಲೈನಿಗೆ ಯಾರೋ ಕಾಫಿ ಕಾಯಿಸುವ ಕೆಟಲ್ ಹಾಕಿದ ಕೂಡಲೇ ನಾಟಕ ಕತ್ತಲು. ಎಕ್ಸ್‌ಟೆನ್ಶನ್ ವೈರ್ 2.5 ಸ್ಕ್ವೇರ್ ಎಂಎಂ ಇರಲಿ, ಸುರುಳಿ ಪೂರ್ತಿ ಬಿಚ್ಚಿ ಹಾಕಿ. ಸುತ್ತಿಟ್ಟ ವೈರ್ ಕಾದು ಕರಗುತ್ತದೆ.

ಮದುವೆ ಮನೆಗೆ ಕೊಡುವ ಬಣ್ಣದ ಎಲ್‌ಇಡಿ ಪಾರ್ ಬೇಡ. ಕೆಂಪು, ಹಸಿರು, ನೀಲಿ ಸೇರಿಸಿ ಮಾಡಿದ ಬಿಳಿಯಲ್ಲಿ ನಮ್ಮ ಜನರ ಕಂದು ಮೈಬಣ್ಣ ಬೂದಿ ಬಳಿದ ಹಾಗೆ ಕಾಣುತ್ತದೆ. ನಿಮ್ಮ ನಾಟಕದಲ್ಲಿ ಮುಖ ಎರಡು ಅಡಿ ದೂರದಲ್ಲಿರುತ್ತದೆ, ಅಲ್ಲಿ ಅದು ಸಹಿಸಲಾಗದು.

ಆಟದ ಜಾಗವನ್ನು 8 ಅಡಿಗೆ 7 ಅಡಿಯ ನಾಲ್ಕು ಭಾಗ ಮಾಡಿ, ಪ್ರತಿ ಭಾಗಕ್ಕೂ ಮೂರು ದಿಕ್ಕಿನಿಂದ ಒಂದೊಂದು ದೀಪ ಕೊಡಿ. 20 ಅಡಿ ಅಗಲದ ಗೋಲ್‌ಪೋಸ್ಟ್ ಟ್ರಸ್ (ಎರಡು ಕಾಲು, ಮೇಲೊಂದು ಅಡ್ಡ ತೊಲೆ ಇರುವ ಲೋಹದ ಚೌಕಟ್ಟು) ಎರಡು ಬಾಡಿಗೆಗೆ ತನ್ನಿ. ಒಂದನ್ನು ಮುಂದಿನ ಅಂಚಿನ ಮೇಲೆ, ಕಾಲುಗಳು ಆ ಖಾಲಿ ಮೂಲೆಗಳಲ್ಲಿ ಬರುವಂತೆ ನಿಲ್ಲಿಸಿ 8 ದೀಪ ಕಟ್ಟಿ. ಇನ್ನೊಂದು ಹಿಂದಿನ ಪರದೆಗೆ ತಾಗಿ, ಅದಕ್ಕೆ 4. ಹಿಂದಿನಿಂದ ಬರುವ ಬೆಳಕು ಆದಷ್ಟು ಕಡಿದಾಗಿ ಬೀಳಬೇಕು. ಇಲ್ಲದಿದ್ದರೆ ಎದುರು ಚಾಪೆಯಲ್ಲಿ ಕೂತವರು ಒಂದು ಗಂಟೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಬೇಕಾಗುತ್ತದೆ. ಮುಂದಿನಿಂದ ಬರುವುದು ಓರೆಯಾಗಿದ್ದರೂ ನಡೆಯುತ್ತದೆ, ಯಾಕೆಂದರೆ ಅದರ ನೆರಳು ಬೀಳುವುದು ಕಪ್ಪು ಪರದೆ ಮೇಲೆ. 25 ಡಿಗ್ರಿ ಲೆನ್ಸ್ ಇದ್ದರೆ ಒಂಬತ್ತು ಅಡಿಗೆ ನಾಲ್ಕೇ ಅಡಿ ಅಗಲದ ವೃತ್ತ ಬೀಳುತ್ತದೆ. 45 ಡಿಗ್ರಿಯದು ಕೇಳಿ, ಏಳು ಅಡಿ ಸಿಗುತ್ತದೆ.

ಸೀಲಿಂಗ್ ಫ್ಯಾನ್ ಇದೆಯೇ? ದೀಪ ರೆಕ್ಕೆಗಿಂತ ಮೇಲಿದ್ದರೆ ಇಡೀ ರಂಗ ಪಟಪಟ ಮಿನುಗುತ್ತದೆ.

ಕಲ್ಪತರು_ರಂಗ

ಫ್ಯಾನ್ ನಾಲ್ಕಿವೆ, ಅದನ್ನು ಯೋಚಿಸಿರಲಿಲ್ಲ. ಇನ್ನೊಂದು ಪ್ರಶ್ನೆ: ಕೊನೆಯಲ್ಲಿ ಬೆಳಕು ಒಂದು ನಿಮಿಷ ಹಿಡಿದು ನಿಧಾನವಾಗಿ ಆರಬೇಕು. ಎಲ್‌ಇಡಿಯಲ್ಲಿ ಆಗುತ್ತದೆಯೇ?

ಬೆಳಕಿನ_ಮನೆ

ಬಾಡಿಗೆಗೆ ಸಿಗುವ ಬಹುಪಾಲು ಎಲ್‌ಇಡಿ ಕೊನೆಯ ಹತ್ತು ಪರ್ಸೆಂಟಿನಲ್ಲಿ ಮೆಟ್ಟಿಲು ಇಳಿದ ಹಾಗೆ ಇಳಿದು ಫಕ್ಕನೆ ಆರುತ್ತವೆ. ಒಂದೇ ಒಂದು 500 ವ್ಯಾಟ್ ಹ್ಯಾಲೋಜನ್, ಅದಕ್ಕೊಂದು ಡಿಮ್ಮರ್ (ಬೆಳಕನ್ನು ಏರಿಸಿ ಇಳಿಸುವ ಸಾಧನ) ಇಟ್ಟುಕೊಳ್ಳಿ. ಎಲ್‌ಇಡಿಗಳನ್ನು ಮೊದಲ 30 ಸೆಕೆಂಡಿನಲ್ಲಿ ಇಳಿಸಿ, ಉಳಿದ 30 ಸೆಕೆಂಡು ಹ್ಯಾಲೋಜನ್‌ಗೆ ಬಿಡಿ. ತಂತಿ ಕೆಂಪಾಗಿ ಕೆಂಡದಂತೆ ಆರುವುದನ್ನು ಬೇರೆ ಯಾವ ದೀಪವೂ ಕೊಡುವುದಿಲ್ಲ. ಡಿಮ್ಮರ್ ಎರಡನೇ ಪಾಯಿಂಟಿಗಿರಲಿ, ಸೌಂಡ್ ಸಿಸ್ಟಂ ಅದೇ ಲೈನಿಗೆ ಬೇಡ, ಜುಂಯ್ ಎನ್ನುವ ಸದ್ದು ಸೇರಿಕೊಳ್ಳುತ್ತದೆ.

ಮಾತಿನ_ಮೊನೆ

75 ಜನಕ್ಕೆ ಮೈಕ್ ಬೇಡವೇ ಬೇಡ. ಗುಂಯ್ ಅನ್ನುವುದನ್ನು ಬಟ್ಟೆಯಿಂದ ಕಡಿಮೆ ಮಾಡಿ. ಪರದೆಯನ್ನು ಗೋಡೆಗೆ ಅಂಟಿಸದೆ ಒಂದು ಅಡಿ ಬಿಟ್ಟು ಕಟ್ಟಿ. 20 ಅಡಿ ಗೋಡೆಗೆ 40 ಅಡಿ ಬಟ್ಟೆ ತೆಗೆದುಕೊಂಡು ನೆರಿಗೆ ಬರುವಂತೆ ಬಿಡಿ, ಸಪಾಟಾಗಿ ಎಳೆದು ಕಟ್ಟಿದರೆ ಅರ್ಧ ಪ್ರಯೋಜನವೂ ಇಲ್ಲ. ಆಟದ ಜಾಗಕ್ಕೆ ಜಮಖಾನ ಹಾಸಿ. ತುಂಬಿದ ಹಾಲ್ ಖಾಲಿ ಹಾಲ್‌ಗಿಂತ ಸದ್ದನ್ನು ಚೆನ್ನಾಗಿ ಕುಡಿಯುತ್ತದೆ, ಖಾಲಿ ಹಾಲ್‌ನ ತಾಲೀಮು ಕೇಳಿ ಗಾಬರಿಯಾಗಬೇಡಿ.

ನಿಜವಾದ ಕೆಲಸ ನಟರದು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಉಸಿರು ಮುಗಿಯುವುದೂ ಅಲ್ಲೇ, ದನಿ ಇಳಿಯುವುದೂ ಅಲ್ಲೇ. ‘ಅವನು ನಾಳೆ ಬರ್ತಾನೆ’, ‘ಬರ್ತಾನಾ’, ‘ಬರಲ್ಲ’, ಮೂರಕ್ಕೂ ವ್ಯತ್ಯಾಸ ಆ ಕೊನೆಯ ತುಣುಕಿನಲ್ಲಿದೆ. ನಟನ ಬೆನ್ನು ತಿರುಗಿರುವ ಕಡೆ ಕೂತವರಿಗೆ ‘ಅವನು ನಾಳೆ ಬ...’ ಅಷ್ಟೇ ತಲುಪುತ್ತದೆ, ಅರ್ಥವೇ ಹೋಯಿತು. ತಾಲೀಮಿನಲ್ಲಿ ಮೂರು ಬದಿಗೂ ಒಬ್ಬೊಬ್ಬರನ್ನು ಕೂರಿಸಿ, ಕೊನೆಯ ಪದ ಕೇಳದಾಗಲೆಲ್ಲ ಕೈ ಎತ್ತಿಸಿ. ಜೋರಾಗಿ ಮಾತಾಡಿಸುವುದು ಪರಿಹಾರವಲ್ಲ, ಕೊನೆಯ ಪದದವರೆಗೆ ಉಸಿರು ಉಳಿಸುವುದು ಪರಿಹಾರ.

ಚಲನೆಗೆ ಒಂದು ಮಾತು. ಇಬ್ಬರು ಹತ್ತಿರ ನಿಂತು ಮುಖಾಮುಖಿ ಮಾತಾಡಿದರೆ ಎರಡು ಕಡೆಯವರಿಗೂ ಬರೀ ಬೆನ್ನು. ಆರೇಳು ಅಡಿ ಅಂತರ ಬಿಟ್ಟು ಕರ್ಣದ ಮೇಲೆ ನಿಲ್ಲಿಸಿ. ಬೆನ್ನು ಖಾಲಿ ಮೂಲೆಗೆ ಬಂದರೆ ಎಲ್ಲರಿಗೂ ಒಂದಾದರೂ ಮುಖ ಸಿಗುತ್ತದೆ.

ಹಕ್ಕು_ಬಾಧ್ಯತೆ

ಕಥೆಯ ಹಕ್ಕು ಯಾರದು? ನಮ್ಮಲ್ಲಿ ಕೃತಿಸ್ವಾಮ್ಯ ಲೇಖಕರ ಕಾಲಾನಂತರ 60 ವರ್ಷ, ಎಣಿಕೆ ಮುಂದಿನ ಜನವರಿಯಿಂದ. ಉದಾಹರಣೆಗೆ, ನಾಟಕಕಾರ ಟಿ.ಪಿ. ಕೈಲಾಸಂ ತೀರಿಕೊಂಡಿದ್ದು 1946ರಲ್ಲಿ, ಹಾಗಾಗಿ ಅವರ ಕೃತಿಗಳು 2007ರಿಂದ ಮುಕ್ತ. ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ಪ್ರದರ್ಶಿಸಿದರೆ ಕಾಯ್ದೆಯಲ್ಲಿ ವಿನಾಯಿತಿ ಇದೆ, ಆದರೆ ಅದು ಪ್ರದರ್ಶನಕ್ಕೆ ಮಾತ್ರ. ಕಥೆಯನ್ನು ನಾಟಕವಾಗಿಸಲು ಬೇರೆ ಅನುಮತಿ ಬೇಕು. ಲೇಖಕರು ಅಥವಾ ಮನೆಯವರಿಂದ ಪತ್ರ ತೆಗೆದುಕೊಳ್ಳಿ, ಅದರಲ್ಲಿ ಬೆಂಗಳೂರಿನ ಟಿಕೆಟ್ ಪ್ರದರ್ಶನವೂ ಸೇರಿರಲಿ.

ನೇಪಥ್ಯ

ಬೆಂಗಳೂರಿಗೆ ಒಯ್ಯುವಾಗ ಜೆ.ಪಿ. ನಗರದ ರಂಗಶಂಕರ ನೆನಪಿಡಿ. 2004ರಲ್ಲಿ ಶುರುವಾದ ಆ ರಂಗಮಂದಿರದಲ್ಲಿ ವೇದಿಕೆ ಪ್ರೇಕ್ಷಕರ ನಡುವಿಗೆ ಚಾಚಿಕೊಂಡಿದೆ, ಮೂರು ಕಡೆಯಿಂದ ನೋಡುತ್ತಾರೆ. ನಿಮ್ಮ ಚಲನೆ ಹೆಚ್ಚು ಕೆಡುವುದಿಲ್ಲ. ಆದರೆ ಅಲ್ಲಿ 300ಕ್ಕೂ ಮಿಕ್ಕಿ ಆಸನಗಳಿವೆ, ಹೆಚ್ಚಿನವರು ಮೇಲಿನಿಂದ ನೋಡುತ್ತಾರೆ. ಅವರಿಗೆ ನೆಲವೇ ಹಿನ್ನೆಲೆ ಪರದೆ. ಹೂವಿನ ಚಿತ್ತಾರದ ಬಾಡಿಗೆ ಜಮಖಾನ ಈಗಲೇ ಬೇಡ, ಒಂದೇ ಬಣ್ಣದ್ದು ಹುಡುಕಿ. ಎದುರಿನಿಂದ ಮಾತ್ರ ನೋಡುವ ದೊಡ್ಡ ವೇದಿಕೆಯ ರವೀಂದ್ರ ಕಲಾಕ್ಷೇತ್ರ ಈ ನಾಟಕಕ್ಕಲ್ಲ.

ರಾಗಿ ಬಗ್ಗೆ: ಟೈಲ್ಸ್ ಮೇಲೆ ಚೆಲ್ಲಿದ ರಾಗಿ ಸಣ್ಣ ಗುಂಡುಗಳ ಹಾಗೆ ಉರುಳುತ್ತದೆ, ಬರಿಗಾಲಿನ ನಟ ಖಂಡಿತ ಜಾರುತ್ತಾನೆ. ಜಮಖಾನದ ಮೇಲೆ ಗೋಣಿತಾಟು ಹಾಕಿ ಅದರ ಮೇಲೆ ಅಳೆಸಿ, ದೃಶ್ಯ ಮುಗಿದ ಮೇಲೆ ನಾಲ್ಕು ತುದಿ ಹಿಡಿದು ತಾಟನ್ನೇ ಎತ್ತಿಕೊಂಡು ಹೋಗಲಿ. ರಾಗಿಯ ಸದ್ದು ಮೆತ್ತಗೆ. ಮೊರಕ್ಕೆ ಸುರಿದರೆ ಎರಡನೇ ಸಾಲಿಗೇ ಕೇಳುವುದಿಲ್ಲ. ಖಾಲಿ ತಗಡಿನ ಡಬ್ಬಿಗೆ ಒಂದು ಅಡಿ ಮೇಲಿನಿಂದ ಸುರಿಸಿ. ಡಬ್ಬಿ ತುಂಬುತ್ತಾ ಹೋದಂತೆ ಸದ್ದು ತಾನೇ ತಾನಾಗಿ ಮಂದವಾಗುತ್ತದೆ, ಎಷ್ಟನೇ ಸೇರಿಗೆ ಯಾವ ಮಾತು ಎಂದು ಅದಕ್ಕೆ ಹೊಂದಿಸಿಕೊಳ್ಳಿ. ಆ ದೃಶ್ಯಕ್ಕೆ ಎರಡು ನಿಮಿಷ ಮುಂಚೆ ಫ್ಯಾನ್ ಆರಿಸಲು ಒಬ್ಬರನ್ನು ಸ್ವಿಚ್ ಬೋರ್ಡಿನ ಹತ್ತಿರ ನಿಲ್ಲಿಸಿರಿ.