ಜಾಲಿ ತೊಗಟೆ ಸಾರ: ಆಲ್ಬುಮಿನ್ ಪರೀಕ್ಷೆಯಲ್ಲಿ ಮೈನಸ್ ಬರ್ತಿದೆ

ಪ್ರಶ್ನೆ (ಕಲಬುರಗಿ, ಎಂ.ಫಾರ್ಮ):
ಜಾಲಿ ತೊಗಟೆ ಪುಡಿ 10 ಗ್ರಾಂ, 70% ಎಥನಾಲ್ 100 ಮಿ.ಲೀ., 24 ಗಂಟೆ ನೆನೆಸಿ ಸೋಸಿದ್ದು. ಪಾಲಿಫಿನಾಲ್ (ಟ್ಯಾನಿನ್‌ನಂಥ ಸಸ್ಯ ರಾಸಾಯನಿಕ) ಅಳೆಯೋ ಫೋಲಿನ್ ಪರೀಕ್ಷೆಯಲ್ಲಿ ಅದು ಭರ್ತಿ ಬರ್ತದ. ಆದರೆ ಉರಿಯೂತ ತಡೆ ನೋಡಲು ಆಲ್ಬುಮಿನ್ ಎಂಬ ಪ್ರೋಟೀನ್ ಜೊತೆ 70 ಡಿಗ್ರಿಗೆ 5 ನಿಮಿಷ ಕಾಸಿ, 660 ನ್ಯಾನೊಮೀಟರ್ ಬೆಳಕಿನಲ್ಲಿ ಕಲಕು ಎಷ್ಟಂತ ಓದಿದರೆ ತಡೆಯ ಶೇಕಡಾವಾರು ಮೈನಸ್. ಹೋಲಿಕೆಗೆ ಇಟ್ಟ ಉರಿಯೂತದ ಔಷಧ ಡೈಕ್ಲೊಫೆನಾಕ್ ಮಾತ್ರ ಸರಿ ಬರ್ತದ. ಎಲ್ಲಿ ತಪ್ಪು?

ಉತ್ತರ 1:
ಕಾಸೋದಕ್ಕಿಂತ ಮೊದಲೇ ಒಂದು ರೀಡಿಂಗ್ ತಗೊಳ್ರಿ. ಆಗಲೇ ಕಲಕಾಗಿದ್ದರೆ ತಪ್ಪು ಟ್ಯಾನಿನ್‌ದು. ಜಾಲಿ ತೊಗಟೆಯಿಂದ ಚರ್ಮ ಹದ ಮಾಡೋದೂ ಇದೇ ಗುಣದಿಂದ: ಟ್ಯಾನಿನ್ ಪ್ರೋಟೀನಿಗೆ ಅಂಟಿ ಅದನ್ನ ಇಳಿಸ್ತದ. ನಿಮ್ಮ ಆಲ್ಬುಮಿನ್‌ಗೂ ಅದೇ ಗತಿ.

ಟ್ಯಾನಿನ್ ಹಿಡಿದು ತೆಗೆಯೋ ಪುಡಿ ಪಾಲಿವಿನೈಲ್ ಪಾಲಿಪಿರೊಲಿಡೋನ್, ಅದರ 100 ಮಿ.ಗ್ರಾಂಗೆ 1 ಮಿ.ಲೀ. ನೀರು, 1 ಮಿ.ಲೀ. ಸಾರ ಹಾಕಿ ಅಲುಗಾಡಿಸಿ, 4 ಡಿಗ್ರಿಯಲ್ಲಿ 15 ನಿಮಿಷ ಇಟ್ಟು ಸೆಂಟ್ರಿಫ್ಯೂಜ್ ಮಾಡ್ರಿ. ಮೇಲಿನ ತಿಳಿಗೆ ಮತ್ತೆ ಫೋಲಿನ್ ಮಾಡ್ರಿ; ಸಾರ ಅರ್ಧಕ್ಕೆ ತೆಳುವಾಗಿದೆ, ಲೆಕ್ಕದಲ್ಲಿ ಎರಡರಿಂದ ಗುಣಿಸಬೇಕು. ಮೊದಲಿಗಿಂತ ಎಷ್ಟು ಕಡಿಮೆ ಬಂತೋ ಅಷ್ಟು ಟ್ಯಾನಿನ್.

ಉತ್ತರ 2:
ಸಾರದ ಕೆಂಪು ಬಣ್ಣದಿಂದ ಬರೋ ರೀಡಿಂಗನ್ನೂ ಲೆಕ್ಕದಿಂದ ಕಳೀಬೇಕು. ಪ್ರತಿ ಪ್ರಮಾಣಕ್ಕೂ ಆಲ್ಬುಮಿನ್ ಇಲ್ಲದ, ಸಾರ ಮತ್ತು ಬಫರ್ ಮಾತ್ರದ ಬ್ಲ್ಯಾಂಕ್ (ಹೋಲಿಕೆ ಟ್ಯೂಬ್) ಇಡ್ರಿ. ತೊಗಟೆ ಒಣಗಿಸುವಾಗ 40–45 ಡಿಗ್ರಿ ದಾಟಿಸಬೇಡ್ರಿ. ಇಲ್ಲಿನ ಮೇ ಬಿಸಿಲಲ್ಲಂತೂ ನೆರಳೇ ಗತಿ.

ಇನ್ನೊಂದು: ಆಲ್ಬುಮಿನ್ ಪರೀಕ್ಷೆಯೊಂದನ್ನೇ ನಂಬಿ ‘ಉರಿಯೂತ ನಿವಾರಕ’ ಅಂತ ಬರೆಯೋದು ದುಡುಕು. ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳಲ್ಲಿ, ಉರಿಯೂತದಾಗ ಹೆಚ್ಚೋ ನೈಟ್ರಿಕ್ ಆಕ್ಸೈಡ್ ಇಳೀತದೇನು ನೋಡ್ರಿ. ಅದಕ್ಕೂ ಮೊದಲು ಎಂ.ಟಿ.ಟಿ. (ಕೋಶಗಳು ಜೀವಂತ ಅದಾವೇನು ನೋಡೋ ಪರೀಕ್ಷೆ) ಮಾಡ್ರಿ, ಕೋಶಗಳು ಸತ್ತರೂ ನೈಟ್ರಿಕ್ ಆಕ್ಸೈಡ್ ಇಳೀತದ.

ಪ್ರಶ್ನಿಸಿದವರು:
ಕಾಸದ ಟ್ಯೂಬೇ ಹಾಲಿನಂಗ ಆಗ್ಯಾದ್ರಿ. ಟ್ಯಾನಿನ್ ತೆಗೆಯೋ ಆ ಪುಡಿ ತರಿಸ್ತೀನಿ.