ಪಿತ್ತಕೋಶದಲ್ಲಿ ಕಲ್ಲಿದ್ದರೆ ಒಗ್ಗರಣೆ ಬಿಡಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮಮ್ಮನಿಗೆ 58 ವರ್ಷ. ಹೋದ ತಿಂಗಳು ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲು ಇರುವುದು ಗೊತ್ತಾಯಿತು. ನೋವೇನೂ ಇಲ್ಲ. ಮಸಾಲೆಯಿಂದ ಪಿತ್ತ ಜಾಸ್ತಿಯಾಗುತ್ತದೆ, ಬಿಟ್ಟುಬಿಡಿ ಅಂತ ಪಕ್ಕದ ಮನೆಯವರು ಹೇಳಿದರು. ಅವತ್ತಿನಿಂದ ಒಗ್ಗರಣೆಯಿಲ್ಲದ ಬೇಳೆಕಟ್ಟು, ಅನ್ನ. ಅದೂ ನಾಲ್ಕು ತುತ್ತಿಗೇ ಕೈ ತೊಳೆಯುತ್ತಾರೆ. ಈ ಕಡೆ ತಂಗಿ ಲಿವರ್‌ಗೆ ಒಳ್ಳೆಯದಂತೆ ಅಂತ ಅರಿಶಿನದ ಕ್ಯಾಪ್ಸೂಲ್ ತಂದುಕೊಟ್ಟಿದ್ದಾಳೆ. ಏನು ಮಾಡಲಿ?

ಉತ್ತರ: ಸಾರಿಗೆ ಒಗ್ಗರಣೆ ಹಾಕಿ, ಕ್ಯಾಪ್ಸೂಲ್ ಇವತ್ತೇ ನಿಲ್ಲಿಸಿ.

ಹುಳಿತೇಗು, ಎದೆಯುರಿ, ತಲೆಸುತ್ತು ಬಂದರೆ ನಾವು ಪಿತ್ತ ಆಗಿದೆ ಅನ್ನುತ್ತೇವೆ, ಅಲ್ವಾ? ಪಿತ್ತರಸ ಅದಲ್ಲ. ಅದನ್ನು ಲಿವರ್ ದಿನಕ್ಕೆ ಅರ್ಧದಿಂದ ಒಂದು ಲೀಟರ್‌ವರೆಗೆ ತಯಾರಿಸುತ್ತದೆ. ಜಿಡ್ಡಿನ ಪಾತ್ರೆಗೆ ಸೀಗೆಪುಡಿ ಮಾಡುವ ಕೆಲಸವನ್ನು ಅದು ಕರುಳಿನಲ್ಲಿ ತುಪ್ಪ, ಎಣ್ಣೆಗೆ ಮಾಡುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಇಲಿಗಳಿಗೆ ಶುಂಠಿ, ಮೆಂತ್ಯ, ಮೆಣಸಿನಕಾಯಿಯ ಖಾರದ ಅಂಶ ಎಲ್ಲ ಕೊಟ್ಟು ನೋಡಿದ್ದಾರೆ. ಪಿತ್ತರಸದಲ್ಲಿ ಜಿಡ್ಡು ಒಡೆಯುವ ಆಮ್ಲಗಳು ಜಾಸ್ತಿಯಾದವು. ಪಕ್ಕದ ಮನೆಯವರ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅದು ಜೀರ್ಣಕ್ಕೆ ಒಳ್ಳೆಯದೇ, ಅದರಿಂದ ಕಲ್ಲು ಬೆಳೆಯುವುದಿಲ್ಲ.

ಅರಿಶಿನದ ವಿಷಯ ಬೇರೆ. ಅದರಲ್ಲಿರುವ ಕರ್ಕ್ಯುಮಿನ್ ಪಿತ್ತಕೋಶವನ್ನು ಹಿಂಡುತ್ತದೆ, 20 ಮಿಲಿಗ್ರಾಂ ಕೊಟ್ಟರೂ ಸ್ಕ್ಯಾನಿಂಗ್‌ನಲ್ಲಿ ಅದು ಕುಗ್ಗುವುದು ಕಾಣುತ್ತದೆ. ಒಳಗೆ ಕಲ್ಲಿದ್ದಾಗ ಹಿಂಡಿದರೆ ಆ ಕಲ್ಲು ಪಿತ್ತನಾಳಕ್ಕೆ ಜಾರಿ ಸಿಕ್ಕಿಹಾಕಿಕೊಳ್ಳಬಹುದು. ಅಡುಗೆಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಹೆದರಬೇಡಿ. ಪುಡಿಯಲ್ಲಿ ಕರ್ಕ್ಯುಮಿನ್ ನೂರಕ್ಕೆ ಸುಮಾರು 3 ಪಾಲು ಅಷ್ಟೇ, ಅದೂ ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಕ್ಯಾಪ್ಸೂಲ್ ಒಂದರಲ್ಲೇ 500 ಮಿಲಿಗ್ರಾಂ ಇರುವುದುಂಟು. ಮೈಗೆ ಹೀರಲಿ ಅಂತ ಕರಿಮೆಣಸಿನ ಸಾರ ಬೇರೆ ಸೇರಿಸಿರುತ್ತಾರೆ. ಇಂಥವನ್ನು ತಿಂದು ಲಿವರ್‌ಗೇ ಪೆಟ್ಟಾದವರಿದ್ದಾರೆ.

ನಿಜವಾಗಿ ಕಡಿಮೆ ಮಾಡಬೇಕಾದದ್ದು ಬೋಂಡ, ಪೂರಿ. ಪಿತ್ತಕೋಶವನ್ನು ಎಲ್ಲಕ್ಕಿಂತ ಜೋರಾಗಿ ಹಿಂಡುವುದು ಜಿಡ್ಡು.

ಪ್ರಶ್ನೆ: ಥ್ಯಾಂಕ್ಸ್ ಡಾಕ್ಟ್ರೇ. ಆದರೆ ರಾತ್ರಿ ಮೆಣಸಿನ ಸಾರು ಉಂಡರೆ ಅಮ್ಮನಿಗೆ ಎದೆ ಉರಿಯುತ್ತದೆ. ಅದೂ ಕಲ್ಲಿಂದಲಾ?

ಉತ್ತರ: ಬರೀ ಉರಿ ಆದರೆ ಅದು ಅನ್ನನಾಳದ್ದು. ಬಿಸಿ ತಾಗಿದರೆ ಎಚ್ಚರಗೊಳ್ಳುವ ನರಗಳನ್ನೇ ಮೆಣಸಿನ ಖಾರವೂ ಕೆಣಕುತ್ತದೆ. ರಾತ್ರಿ ಜೀರಿಗೆ, ಇಂಗಿನ ತಿಳಿಸಾರು ಮಾಡಿ. ಉಂಡ ಮೇಲೆ ಎರಡು ಮೂರು ಗಂಟೆ ಮಲಗುವುದು ಬೇಡ. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಶುರುವಾಗಿ ಬೆನ್ನಿಗೋ ಬಲ ಹೆಗಲಿಗೋ ಹರಿದರೆ, ಜ್ವರ ಬಂದರೆ, ಕಣ್ಣು ಹಳದಿಯಾದರೆ ಮನೆಮದ್ದು ಅಂತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಕ್ಯಾಪ್ಸೂಲ್ ಎಷ್ಟು ದಿನ ತಗೊಂಡಿದ್ದಾರೆ? ಡಬ್ಬಿಯ ಹಿಂದಿನ ಫೋಟೋ ಹಾಕಿ, ಲಿವರ್ ಟೆಸ್ಟ್ ಬೇಕಾ ನೋಡೋಣ.