ಪದಚರ್ಚೆ: ‘ಪರ್ಸಿಕ್ಯೂಷನ್’ ಎಂಬ ಅಪರಾಧಕ್ಕೆ ‘ಕಿರುಕುಳ’ ಸಾಲುವುದೇ?

ಮಾನ್ಯರೇ, ನಮಸ್ಕಾರ.

ಬೊಸ್ನಿಯಾ ಯುದ್ಧಕಾಲದ ರಾಜಕಾರಣಿ ಬಿಲ್ಯಾನಾ ಪ್ಲಾವ್ಶಿಚ್ ಅವರ ಏಳಿಗೆ ಮತ್ತು ಅವರಿಗಾದ ಶಿಕ್ಷೆಯನ್ನು ಕುರಿತು ಕನ್ನಡದಲ್ಲಿ ಒಂದು ಲೇಖನ ಸಿದ್ಧಪಡಿಸುತ್ತಿದ್ದೇನೆ. ಬೊಸ್ನಿಯಾ ಸೇರಿದ್ದ ಯುಗೊಸ್ಲಾವಿಯ ದೇಶ ಒಡೆದಾಗಿನ ಯುದ್ಧಾಪರಾಧಗಳನ್ನು ವಿಚಾರಿಸಲೆಂದು ಹೇಗ್ ನಗರದಲ್ಲಿದ್ದ ಅಂತರರಾಷ್ಟ್ರೀಯ ನ್ಯಾಯಮಂಡಳಿಯು ಅವರನ್ನು ದೋಷಿ ಎಂದು ತೀರ್ಮಾನಿಸಿದ್ದು ಒಂದೇ ಒಂದು ಆರೋಪದ ಮೇಲೆ. ಮಾನವೀಯತೆಯ ವಿರುದ್ಧದ ಅಪರಾಧಗಳ ಪಟ್ಟಿಯಲ್ಲಿ ಬರುವ, ಇಂಗ್ಲಿಷಿನಲ್ಲಿ ‘ಪರ್ಸಿಕ್ಯೂಷನ್’ ಎಂದು ಕರೆಯುವ ಆರೋಪವದು. ಲೇಖನದ ಅಡಿಪಾಯವೇ ಆದ ಈ ಮಾತಿಗೆ ನಮ್ಮ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ‘ಕಿರುಕುಳ’. ಆ ಪದವನ್ನು ಇಲ್ಲಿ ಬಳಸಿದರೆ ಅಪರಾಧದ ಅಳತೆಯೇ ಕುಗ್ಗಿಹೋಗುತ್ತದೆ ಎಂದು ನನಗೆ ಬಲವಾಗಿ ಅನ್ನಿಸುತ್ತಿದೆ. ಬಲ್ಲವರ ಅಭಿಪ್ರಾಯ ಕೇಳುವ ಮೊದಲು, ಪದ ಯಾವ ಹೊರೆಯನ್ನು ಹೊರಬೇಕಾಗಿದೆ ಎಂಬುದು ತಿಳಿಯಲೆಂದು ಪ್ರಕರಣವನ್ನೇ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಪ್ಲಾವ್ಶಿಚ್ ಹುಟ್ಟಿದ್ದು 1930ರಲ್ಲಿ, ತುಜ್ಲಾ ಪಟ್ಟಣದಲ್ಲಿ. ಸರಾಯೆವೊ ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನದ ಪ್ರಾಧ್ಯಾಪಕಿಯಾಗಿ, ವಿಜ್ಞಾನ ವಿಭಾಗದ ಡೀನ್ ಆಗಿ ದುಡಿದ ಅವರು ರಾಜಕೀಯಕ್ಕೆ ಬಂದದ್ದು ಅರವತ್ತು ತುಂಬಿದ ಮೇಲೆ. 1990ರಲ್ಲಿ ರಾದೊವಾನ್ ಕರಾಜಿಚ್ ಮುಂದಾಳತ್ವದ ಸರ್ಬ್ ಡೆಮಾಕ್ರಟಿಕ್ ಪಕ್ಷವನ್ನು ಸೇರಿ, ಅದೇ ವರ್ಷದ ನವೆಂಬರಿನಲ್ಲಿ ಬೊಸ್ನಿಯಾದ ಏಳು ಮಂದಿಯ ಅಧ್ಯಕ್ಷ ಮಂಡಳಿಗೆ ಸರ್ಬರ ಪ್ರತಿನಿಧಿಯಾಗಿ ಆಯ್ಕೆಯಾದರು. ಆಗಿನ ಬೊಸ್ನಿಯಾದಲ್ಲಿ ನೂರಕ್ಕೆ ಸುಮಾರು 44 ಮಂದಿ ಮುಸಲ್ಮಾನರು, 31 ಮಂದಿ ಸರ್ಬರು, 17 ಮಂದಿ ಕ್ರೊಯಾಟರು ಒಂದೇ ಊರು, ಒಂದೇ ಬೀದಿಗಳಲ್ಲಿ ಬಾಳುತ್ತಿದ್ದರು. ಈ ನೆಲವನ್ನು ಜನಾಂಗದ ಆಧಾರದ ಮೇಲೆ ಬೇರ್ಪಡಿಸಬೇಕೆಂಬುದೇ ಪಕ್ಷದ ಗುರಿಯಾಯಿತು. 1992ರ ಆರಂಭದಲ್ಲಿ ಸರ್ಬರು ತಮ್ಮದೇ ಗಣರಾಜ್ಯವನ್ನು ಘೋಷಿಸಿದರು. ಆ ವರ್ಷದ ಫೆಬ್ರವರಿ ಕೊನೆಯಿಂದ ಮೇ ನಡುವಿನವರೆಗೆ ಅದರ ಇಬ್ಬರು ಹಂಗಾಮಿ ಅಧ್ಯಕ್ಷರಲ್ಲಿ ಪ್ಲಾವ್ಶಿಚ್ ಒಬ್ಬರಾಗಿದ್ದರು.

ಏಪ್ರಿಲ್ ಆರಂಭದಲ್ಲಿ ಬಿಯೆಲ್ಯೀನಾ ಪಟ್ಟಣಕ್ಕೆ ಅರ್ಕಾನ್ ಎಂದು ಹೆಸರಾಗಿದ್ದ ಸರ್ಬ್ ನಾಯಕನ ಸಶಸ್ತ್ರ ಪಡೆ ನುಗ್ಗಿ ಮುಸಲ್ಮಾನರನ್ನು ಬೀದಿಯಲ್ಲೇ ಕೊಂದಿತು. ಕೆಲವೇ ದಿನಗಳಲ್ಲಿ ಅಲ್ಲಿಗೆ ಬಂದ ಪ್ಲಾವ್ಶಿಚ್, ಪಟ್ಟಣವನ್ನು ಕಾಪಾಡಿದ್ದಕ್ಕಾಗಿ ಅವನಿಗೆ ಕೃತಜ್ಞತೆ ಹೇಳಿ, ಎಲ್ಲರೆದುರು ಅವನಿಗೆ ಮುತ್ತಿಟ್ಟರು. ಮುಂದೆ ಜೀವವಿಜ್ಞಾನಿಯ ಅಧಿಕಾರವಾಣಿಯಲ್ಲೇ, ಬೊಸ್ನಿಯಾದ ಮುಸಲ್ಮಾನರ ವಂಶವಾಹಿಯೇ ಕೆಟ್ಟದ್ದು ಎಂಬರ್ಥದ ಮಾತುಗಳನ್ನು ಸಂದರ್ಶನದಲ್ಲಿ ಆಡಿದರು. ಪ್ರಯೋಗಾಲಯದ ಭಾಷೆ ಹೀಗೆ ನೆರೆಹೊರೆಯವರ ಮೇಲೆ ಎರಗಿದ್ದನ್ನು ಓದಿದಾಗ ನನಗೆ ಆದ ಸಂಕಟವನ್ನು ಇಲ್ಲಿ ಬೆಳೆಸುವುದಿಲ್ಲ.

ಈಗ ಆರೋಪದ ಒಳಹೂರಣಕ್ಕೆ ಬರೋಣ. ನ್ಯಾಯಮಂಡಳಿಯ ಶಾಸನದ 5ನೆಯ ವಿಧಿಯು ಮಾನವೀಯತೆಯ ವಿರುದ್ಧದ ಅಪರಾಧಗಳಾಗಿ ಒಂಬತ್ತು ಕೃತ್ಯಗಳನ್ನು ಹೆಸರಿಸುತ್ತದೆ. ಕೊಲೆ, ಸಾಮೂಹಿಕ ಸಂಹಾರ, ಗುಲಾಮಗಿರಿ, ಗಡೀಪಾರು, ಸೆರೆ, ಚಿತ್ರಹಿಂಸೆ, ಅತ್ಯಾಚಾರ ಇವುಗಳಿಗೆಲ್ಲ ಕನ್ನಡದಲ್ಲಿ ನೆಲೆನಿಂತ ಪದಗಳಿವೆ. ಎಂಟನೆಯದಾಗಿ ಬರುವುದೇ ರಾಜಕೀಯ, ಜನಾಂಗೀಯ ಮತ್ತು ಮತೀಯ ಕಾರಣಗಳಿಂದ ಎಸಗುವ ‘ಪರ್ಸಿಕ್ಯೂಷನ್’. ಉಳಿದವುಗಳಂತೆ ಇದೊಂದು ಬಿಡಿ ಕೃತ್ಯದ ಹೆಸರಲ್ಲ. ಒಂದು ಸಮುದಾಯಕ್ಕೆ ಸೇರಿದವರು ಎಂಬ ಕಾರಣಕ್ಕೇ ಜನರಿಂದ ಮೂಲಭೂತ ಹಕ್ಕುಗಳನ್ನು ಕಿತ್ತುಕೊಳ್ಳುವ ಯಾವುದೇ ಕೃತ್ಯ ಸಾಕಷ್ಟು ತೀವ್ರವಾಗಿದ್ದರೆ ಇದರೊಳಗೆ ಸೇರುತ್ತದೆ. ಪ್ಲಾವ್ಶಿಚ್ ಮೇಲಿನ ಆರೋಪಪಟ್ಟಿ ಬೊಸ್ನಿಯಾದ 37 ಪುರಸಭಾ ಪ್ರದೇಶಗಳನ್ನು ಕುರಿತದ್ದು. ಕೊಲೆ, ಲೈಂಗಿಕ ಹಿಂಸೆ, ಶಿಬಿರಗಳಲ್ಲಿ ಅಮಾನುಷ ಸೆರೆ, ಬಲವಂತದ ದುಡಿಮೆ, ಮನೆಮಠಗಳ ಲೂಟಿ, ಮಸೀದಿ ಮತ್ತು ಚರ್ಚುಗಳ ನಾಶ ಇವುಗಳ ಜೊತೆಯಲ್ಲೇ, ಕೆಲಸದಿಂದ ತೆಗೆದುಹಾಕುವುದು, ಓಡಾಟಕ್ಕೆ ತಡೆ, ನ್ಯಾಯಾಲಯದ ಬಾಗಿಲು ಮುಚ್ಚುವುದು, ಸಾರ್ವಜನಿಕ ಸೇವೆಗಳ ನಿರಾಕರಣೆ ಇವೂ ಅದೇ ಒಂದು ಆರೋಪದಡಿ ಬರುತ್ತವೆ. ಸುಮಾರು 850 ಗ್ರಾಮಗಳು ನೆಲಸಮವಾದವೆಂಬ ಸಾಕ್ಷ್ಯ ವಿಚಾರಣೆಯಲ್ಲಿ ನ್ಯಾಯಾಧೀಶರ ಮುಂದೆ ಬಂದಿತ್ತು.

ಈ ಅಪರಾಧದ ಕೆಳಮೆಟ್ಟಿಲು ಹೇಗಿತ್ತು ಎಂಬುದಕ್ಕೆ ಚೆಲಿನಾತ್ಸ್ ಎಂಬ ಸಣ್ಣ ಪಟ್ಟಣವನ್ನು ನೋಡಬಹುದು. 1992ರ ಜುಲೈಯಲ್ಲಿ ಅಲ್ಲಿನ ಸರ್ಬ್ ಆಡಳಿತವು ಸರ್ಬೇತರ ನಿವಾಸಿಗಳಿಗೆ ‘ವಿಶೇಷ ಸ್ಥಾನಮಾನ’ ಕೊಡುವ ಆದೇಶವೊಂದನ್ನು ಹೊರಡಿಸಿತು. ಅವರು ಸಂಜೆ 4ರಿಂದ ಬೆಳಿಗ್ಗೆ 6ರವರೆಗೆ ಪಟ್ಟಣದಲ್ಲಿ ಓಡಾಡಕೂಡದು, ಊರ ಪಕ್ಕದ ವ್ರ್ಬಾನ್ಯಾ ಮತ್ತು ಯೊಶಾವ್ಕಾ ನದಿಗಳಲ್ಲಿ ಮೀಯಕೂಡದು, ಮೀನು ಹಿಡಿಯಕೂಡದು, ವಾಹನ ನಡೆಸಕೂಡದು, ಮೂವರಿಗಿಂತ ಹೆಚ್ಚು ಗಂಡಸರು ಒಂದೆಡೆ ಸೇರಕೂಡದು, ಊರ ಹೊರಗಿನ ನೆಂಟರನ್ನು ಸಂಪರ್ಕಿಸಕೂಡದು, ಫೋನ್ ಮಾಡಬೇಕಿದ್ದರೆ ಅಂಚೆ ಕಚೇರಿಗೇ ಬರಬೇಕು. ಇದೇ ಸೀಮೆಯ ಪ್ರಿಯೆದೊರ್ ಪಟ್ಟಣದಲ್ಲಿ ಸರ್ಬೇತರರು ಮನೆಯ ಮೇಲೆ ಬಿಳಿಬಟ್ಟೆ ಕಟ್ಟಬೇಕಾಗಿತ್ತು, ತೋಳಿಗೆ ಬಿಳಿಪಟ್ಟಿ ಧರಿಸಬೇಕಾಗಿತ್ತು. ಸ್ವಲ್ಪದರಲ್ಲೇ ಅವರಲ್ಲಿ ಸಾವಿರಾರು ಮಂದಿಯನ್ನು ಒಮರ್ಸ್ಕಾ ಮತ್ತು ಕೆರಾತೆರ್ಮ್ ಶಿಬಿರಗಳಿಗೆ ಒಯ್ಯಲಾಯಿತು.

ನದಿಯಲ್ಲಿ ಮೀಯಬಾರದೆಂಬ ಆಜ್ಞೆಯನ್ನು ಮಾತ್ರ ಬಿಡಿಸಿ ನೋಡಿದರೆ ‘ಕಿರುಕುಳ’ ಎನ್ನಬಹುದೇನೋ. ಆದರೆ ಆ ಆಜ್ಞೆಯೂ ಶಿಬಿರದ ಕೊಲೆಯೂ ಒಂದೇ ಅಪರಾಧದ ಅಂಗಗಳು ಎಂಬುದೇ ಕಾನೂನಿನ ಒಟ್ಟು ಮಾತು. ನಮಗೆ ಬೇಕಾದ ಪದ ಈ ಎರಡು ತುದಿಗಳನ್ನೂ ತಬ್ಬಬೇಕು. ಜೊತೆಗೆ ‘ಇಂಥವರು ಎಂಬ ಕಾರಣಕ್ಕೇ’ ಎಂಬ ಭಾವವನ್ನೂ ಒಳಗಿಟ್ಟುಕೊಳ್ಳಬೇಕು.

‘ಕಿರುಕುಳ’ದಲ್ಲಿ ‘ಕಿರು’ ಎಂಬುದು ಪದದ ಹಣೆಯ ಮೇಲೆಯೇ ಇದೆ. ಇಂದಿನ ಬಳಕೆಯಲ್ಲಿ ಅದು ವರದಕ್ಷಿಣೆ ಕಿರುಕುಳ, ಲೈಂಗಿಕ ಕಿರುಕುಳ, ಸಾಲ ಕೊಟ್ಟವರ ಕಿರುಕುಳ ಎಂದು ಬರುತ್ತದೆ. ಇವೆಲ್ಲ ಘೋರವಾಗಿರಬಲ್ಲವು, ಸಾವಿನಲ್ಲಿ ಕೊನೆಗೊಳ್ಳಲೂಬಹುದು. ಆದರೂ ಇವು ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಕೊಡುವ ಕಾಟಗಳು. 2019ರಲ್ಲಿ ಪೌರತ್ವ ಕಾಯ್ದೆಯ ತಿದ್ದುಪಡಿ ಚರ್ಚೆಗೆ ಬಂದಾಗ ‘ಧಾರ್ಮಿಕ ಕಿರುಕುಳ’ ಎಂಬ ಜೋಡಿಪದ ಸುದ್ದಿಗಳಲ್ಲಿ ಬಹಳ ಓಡಾಡಿತು. ಅಲ್ಲಿಯೂ ನಾಡು ಬಿಟ್ಟು ಓಡಬೇಕಾಗಿ ಬಂದವರ ಪಾಡನ್ನು ಆ ಪದ ಪೂರ್ತಿಯಾಗಿ ಹೇಳಿತೆಂದು ನನಗೆ ಅನ್ನಿಸಲಿಲ್ಲ.

‘ದಮನ’ವನ್ನು ಕೆಲವರು ಸೂಚಿಸಬಹುದು. ‘ದಮನಿತ ಸಮುದಾಯಗಳು’ ಎಂಬ ಬಳಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ, ಅದರಲ್ಲಿ ಸಮುದಾಯದ ಭಾವವೂ ಇದೆ. ಆದರೆ ದಂಗೆಯ ದಮನ, ಇಂದ್ರಿಯ ದಮನ ಎಂದಾಗ, ತಲೆಯೆತ್ತಿದ್ದನ್ನು ಅಡಗಿಸುವ ಕ್ರಿಯೆ ಎಂಬ ಅರ್ಥ ಮುಂದೆ ಬರುತ್ತದೆ. ಬಿಯೆಲ್ಯೀನಾದ ಬೀದಿಯಲ್ಲಿ ಸತ್ತವರು ಯಾವ ದಂಗೆಯನ್ನೂ ಎಬ್ಬಿಸಿರಲಿಲ್ಲ. ‘ಶೋಷಣೆ’ ಇನ್ನೂ ದೂರ. ಶೋಷಿಸುವವನಿಗೆ ಶೋಷಿತನ ದುಡಿಮೆ ಬೇಕು, ಇಲ್ಲಿ ಬೇಕಾಗಿದ್ದುದು ಆ ಜನ ಅಲ್ಲಿ ಇಲ್ಲದಂತಾಗುವುದು. ‘ದಬ್ಬಾಳಿಕೆ’ ಎಲ್ಲ ಪ್ರಜೆಗಳ ಮೇಲೂ ನಡೆಯಬಹುದು. ‘ಉಪಟಳ’ವನ್ನು ನಾವು ಕಾಡಾನೆಗಳಿಗೂ ಪುಂಡರಿಗೂ ಕೊಟ್ಟುಬಿಟ್ಟಿದ್ದೇವೆ.

‘ಪೀಡನೆ’ಯ ಬಗ್ಗೆ ನಾನು ಹೆಚ್ಚು ಯೋಚಿಸಿದ್ದೇನೆ, ಏಕೆಂದರೆ ಅದರೊಂದಿಗೆ ಪೀಡಕ, ಪೀಡಿತ ಎಂಬ ಸಿದ್ಧರೂಪಗಳು ಬರುತ್ತವೆ. 2002ರ ಡಿಸೆಂಬರಿನಲ್ಲಿ ನ್ಯಾಯಮಂಡಳಿಯ ಮುಂದೆ ಕೊಟ್ಟ ಹೇಳಿಕೆಯಲ್ಲಿ ಪ್ಲಾವ್ಶಿಚ್, ಮತ್ತೆಂದೂ ಬಲಿಯಾಗಬಾರದೆಂಬ ಗೀಳಿನಲ್ಲಿ ನಾವೇ ಇತರರನ್ನು ಬಲಿಗೊಡುವವರಾದೆವು ಎಂಬರ್ಥದ ಮಾತು ಹೇಳಿದರು. ಎರಡನೆಯ ಮಹಾಯುದ್ಧದಲ್ಲಿ ಕ್ರೊಯೇಷಿಯಾದ ಉಸ್ತಾಶೆ ಆಡಳಿತ ಸರ್ಬರನ್ನು ಕೊಂದದ್ದರ ನೆನಪು ಆ ಮಾತಿನ ಹಿಂದಿದೆ. ಇದನ್ನು ‘ಪೀಡಿತರಾಗಬಾರದೆಂದು ಪೀಡಕರಾದೆವು’ ಎಂದು ಕನ್ನಡಿಸಿದರೆ ವಾಕ್ಯ ಚೆನ್ನಾಗಿ ನಿಲ್ಲುತ್ತದೆ. ಆದರೂ ಎರಡು ತೊಡಕುಗಳಿವೆ. ಬರಪೀಡಿತ, ರೋಗಪೀಡಿತ ಎಂಬಲ್ಲಿ ತಪ್ಪಿತಸ್ಥನೇ ಇಲ್ಲ. ಇನ್ನೊಂದು ಹೆಚ್ಚು ಕಸಿವಿಸಿಯದು: ‘ಪೀಡೆ’ ಎಂದರೆ ನಮ್ಮ ಕೃಷಿ ಬರಹಗಳಲ್ಲಿ ಬೆಳೆಗೆ ಹತ್ತಿದ ಹುಳುಹುಪ್ಪಟೆ, ಮನೆಮಾತಿನಲ್ಲಿ ತೊಲಗಬೇಕಾದ ಅನಿಷ್ಟ. ಹಿಂಸಿಸುವವರು ಹಿಂಸೆಗೊಳಗಾದವರನ್ನು ಕರೆಯುವ ಹೆಸರೇ ಅದು. ಅಪರಾಧದ ಹೆಸರಿನಲ್ಲಿ ಆ ನೆರಳು ಬೀಳುವುದು ನನಗೆ ಒಪ್ಪಿಗೆಯಿಲ್ಲ.

ಸದ್ಯಕ್ಕೆ ನನ್ನ ಒಲವು ‘ದೌರ್ಜನ್ಯ’ದ ಕಡೆಗಿದೆ, ಅದಕ್ಕೆ ಕಾರಣ ನಮ್ಮದೇ ಕಾನೂನು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಮೇಲಿನ ದೌರ್ಜನ್ಯ ತಡೆಯ 1989ರ ಕಾಯ್ದೆ ಕರ್ನಾಟಕದ ಹಳ್ಳಿಹಳ್ಳಿಗೂ ಗೊತ್ತು. ‘ದೌರ್ಜನ್ಯ ಪ್ರಕರಣ ದಾಖಲಾಯಿತು’ ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕೊಲೆ, ಅತ್ಯಾಚಾರಗಳಂತೆಯೇ ಬಾವಿಯ ನೀರು ಮುಟ್ಟಲು ಬಿಡದಿರುವುದು, ದಾರಿಯಲ್ಲಿ ನಡೆಯಲು ತಡೆಯುವುದು, ಸಾಮಾಜಿಕ ಬಹಿಷ್ಕಾರ ಹಾಕುವುದು ಇವೂ ಆ ಕಾಯ್ದೆಯ ವ್ಯಾಪ್ತಿಯಲ್ಲಿವೆ. ಚೆಲಿನಾತ್ಸ್ ಆದೇಶದ ನದಿಯ ಸಾಲನ್ನು ಓದುವ ಕನ್ನಡಿಗರಿಗೆ ಇದರ ನಂಟು ತಾನಾಗಿ ಹೊಳೆಯುತ್ತದೆ. ಕುಲದ ಕಾರಣಕ್ಕೆ ಮನುಷ್ಯನ ಮೇಲೆರಗುವ, ಸಣ್ಣದರಿಂದ ಘೋರದವರೆಗೆ ಹಬ್ಬಿದ ಅಪರಾಧಕ್ಕೆ ಕನ್ನಡದಲ್ಲಿ ಹೆಸರು ಈಗಾಗಲೇ ಇದೆ ಎಂದು ಇದರಿಂದ ನನಗೆ ಕಾಣುತ್ತದೆ. ‘ಕೌಟುಂಬಿಕ ದೌರ್ಜನ್ಯ’ ಎಂಬ ಬಳಕೆ ಇದನ್ನು ಸ್ವಲ್ಪ ಸಡಿಲಗೊಳಿಸಿದೆ ಎಂಬುದು ನಿಜ. ಆದ್ದರಿಂದ ಕಾರಣವನ್ನು ಬಿಡದೆ ಸೇರಿಸಿ, ‘ಮತ, ಜನಾಂಗ ಹಾಗೂ ರಾಜಕೀಯ ಕಾರಣಗಳಿಗಾಗಿ ಎಸಗಿದ ದೌರ್ಜನ್ಯ’ ಎಂದು ಬರೆಯುತ್ತಿದ್ದೇನೆ.

ಆದರೆ ಸರ್ಬರ ನುಡಿಯಲ್ಲಿ ಈ ಅಪರಾಧದ ಹೆಸರು ‘ಪ್ರೊಗೊನ್’, ಅಂದರೆ ಅಟ್ಟುವಿಕೆ, ಬೆನ್ನಟ್ಟಿ ಓಡಿಸುವಿಕೆ. ‘ದೌರ್ಜನ್ಯ’ದಲ್ಲಿ ಈ ಓಡಿಸುವ ಭಾವ ಇಲ್ಲ. ಹಳೆಯ ಕಾವ್ಯಗಳಲ್ಲಿ ಉಪದ್ರವ, ಕಾಟ ಎಂಬರ್ಥದಲ್ಲಿ ಬರುವ ‘ಅಟ್ಟುಳಿ’ ನನ್ನ ಮನಸ್ಸಿನಲ್ಲಿ ಸುಳಿಯಿತು. ಆ ಪದಕ್ಕೂ ‘ಅಟ್ಟು’ ಕ್ರಿಯಾಪದಕ್ಕೂ ನಿಜವಾದ ನಂಟಿದೆಯೇ? ಅದು ಯಾವುದಾದರೂ ಸೀಮೆಯ ಆಡುಮಾತಿನಲ್ಲಿ ಇಂದಿಗೂ ಉಳಿದಿದೆಯೇ? ಉಳಿದಿದ್ದರೆ, ಬಳಕೆಯ ಒಂದು ವಾಕ್ಯವನ್ನಾದರೂ ಬರೆದು ತಿಳಿಸಬೇಕೆಂದು ಕೋರುತ್ತೇನೆ.

‘ನರಮೇಧ’ ಎಂದು ಬರೆದುಬಿಟ್ಟರೆ ಓದುಗರಿಗೆ ತಟ್ಟುತ್ತದೆ ಎಂಬ ಸಲಹೆ ಬರಬಹುದು. ಅದು ಸಲ್ಲದು. ಪ್ಲಾವ್ಶಿಚ್ ಮೇಲೆ ಮೊದಲು ಜನಾಂಗಹತ್ಯೆಯ ಆರೋಪವೂ ಇತ್ತು. 2001ರ ಜನವರಿಯಲ್ಲಿ ತಾವಾಗಿ ಶರಣಾದ ಅವರು 2002ರ ಅಕ್ಟೋಬರ್ 2ರಂದು ಈ ಒಂದು ಆರೋಪವನ್ನು ಒಪ್ಪಿಕೊಂಡ ಮೇಲೆ ಉಳಿದವುಗಳನ್ನು ಕೈಬಿಡಲಾಯಿತು. ಸಾಬೀತಾಗದ ಅಪರಾಧದ ಹೆಸರನ್ನು ಅಂಟಿಸುವುದು, ಸಾಬೀತಾದುದನ್ನು ಕಿರಿದುಗೊಳಿಸುವುದರಷ್ಟೇ ತಪ್ಪು.

ಈ ಒಪ್ಪಿಕೊಳ್ಳುವಿಕೆಯ ಬಗ್ಗೆಯೂ ಒಂದು ಪ್ರಶ್ನೆಯಿದೆ. ಪತ್ರಿಕೆಗಳ ರೂಢಿಯಂತೆ ಮೊದಲ ಕರಡಿನಲ್ಲಿ ‘ತಪ್ಪೊಪ್ಪಿಕೊಂಡರು’ ಎಂದೇ ಬರೆದಿದ್ದೆ. 2003ರ ಫೆಬ್ರವರಿ 27ರಂದು ನ್ಯಾಯಮಂಡಳಿಯು 11 ವರ್ಷಗಳ ಸೆರೆವಾಸ ವಿಧಿಸುವಾಗ, ಅವರು ಆರೋಪ ಒಪ್ಪಿಕೊಂಡದ್ದನ್ನೂ ಪಶ್ಚಾತ್ತಾಪ ತೋರಿದ್ದನ್ನೂ ಶಿಕ್ಷೆ ಇಳಿಸುವ ಕಾರಣಗಳಾಗಿ ಎಣಿಸಿತು. ಕರಾಜಿಚ್ ನಂತರ 1996ರಿಂದ 1998ರವರೆಗೆ ಸರ್ಬ್ ಗಣರಾಜ್ಯದ ಅಧ್ಯಕ್ಷೆಯಾಗಿ, ಯುದ್ಧವನ್ನು ಕೊನೆಗೊಳಿಸಿದ ಶಾಂತಿ ಒಪ್ಪಂದಕ್ಕೆ ಬೆಂಬಲ ಕೊಟ್ಟದ್ದೂ ಲೆಕ್ಕಕ್ಕೆ ಬಂದಿತು. ಆದರೆ ಸ್ವೀಡನ್ನಿನ ಸೆರೆಮನೆಯಲ್ಲಿದ್ದಾಗ, ಬಿಡುಗಡೆಯಾದ 2009ರಲ್ಲೇ, ಅವರು ಸಂದರ್ಶಕರೊಬ್ಬರಿಗೆ ತಾನು ಯಾವ ತಪ್ಪನ್ನೂ ಮಾಡಿಲ್ಲವೆಂದೂ, ಉಳಿದ ಆರೋಪಗಳ ಬಗ್ಗೆ ಚೌಕಾಸಿ ಮಾಡಲೆಂದೇ ಒಪ್ಪಿಕೊಂಡೆನೆಂದೂ ಹೇಳಿದರು. ಕನ್ನಡದ ‘ತಪ್ಪೊಪ್ಪಿಗೆ’ಯಲ್ಲಿ ತಲೆತಗ್ಗಿಸಿ ನಿಲ್ಲುವ ಭಾವವಿದೆ, ಅಂದು ನ್ಯಾಯಾಲಯದಲ್ಲಿ ನಡೆದದ್ದಕ್ಕೆ ಆ ಪದವನ್ನು ಕೊಡಲು ಈಗ ಮನಸ್ಸು ಒಪ್ಪುತ್ತಿಲ್ಲ. ‘ಆರೋಪವನ್ನು ಒಪ್ಪಿಕೊಂಡರು’ ಎಂದು ತಿದ್ದಿದ್ದೇನೆ. ನಮ್ಮ ನ್ಯಾಯಾಲಯಗಳಲ್ಲಿ ಕನ್ನಡದಲ್ಲಿ ಕಲಾಪ ನಡೆಸುವ ವಕೀಲರು ಈ ಎರಡನ್ನೂ ಬೇರೆಬೇರೆಯಾಗಿ ಬಳಸುತ್ತಾರೆಯೇ, ಬಳಸುವುದಾದರೆ ತೀರ್ಪುಗಳಲ್ಲಿ ಯಾವ ಪದಗಳನ್ನು ಬರೆಯಲಾಗುತ್ತದೆ ಎಂಬುದನ್ನು ಆ ವೃತ್ತಿಯಲ್ಲಿರುವವರು ದಯವಿಟ್ಟು ತಿಳಿಸಿರಿ.